ಕುರಿ ತುಪ್ಪಟದ ಛತ್ತು

ಗಂಡನ ಹೆಸರ ಹೇಳಬಾರದಂತ. ನಾ ಹೇಳತೇನಿ. ರಾಯಪ್ಪ. ಹೆಸರ ಹೇಳಿದ್ರ ಗಂಡನ ಆಯುಷ್ಯ ಕಡಿಮಿ ಆಗತೈತಿ ಅಂತ ನಮ್ಮತ್ತಿ ಅಂತಿದ್ಲು. ನಾ ಹೆಸರ ಹೇಳದ ಬಾಯಿ ಮುಚ್ಚಿಕೊಂಡ ಇದ್ದಾಗನ ಫೌಂಡ್ರ್ಯಾಗ ಕರಗಿದ ಬೀಡ ಕಬ್ಬಿಣ ಅವನ ಬೆನ್ನ ಮ್ಯಾಲ ಬಿತ್ತು. ಬೆನ್ನು, ಹೆಗಲ, ಎರಡೂ ತೋಳು ಸುಟ್ಟು ಹೋದ್ವು. ಜೀವ ಉಳೀತು. ಕೆಲಸ ಉಳೀಲಿಲ್ಲ.

ದವಾಖಾನ್ಯಾಗ ಡಾಕ್ಟರ್ ಬಾಯಿ ನನ್ನ ಬಾಜೂಕ ಕರದು ಹೇಳಿದ್ಲು. "ನೋಡವ್ವ, ಸುಟ್ಟ ಚರ್ಮಕ್ಕ ಬೆವರ ಬರೂದಿಲ್ಲ. ಮೈಯಾಗಿನ ಬಿಸಿ ಹೊರಗ ಹೋಗಾಕ ದಾರಿ ಇಲ್ಲ. ಇವರನ್ನ ತಂಪ ಜಾಗಾದಾಗ ಇಡ್ರಿ. ಕಾವಿನ್ಯಾಗ ಇಟ್ರ ಜೀವಕ್ಕ ಅಪಾಯ ಐತಿ." ನಾ ಹೂಂ ಅಂದ್ನಿ. ತಂಪ ಜಾಗಾ ನಮ್ಮಂಥಾವರಿಗೆ ಎಲ್ಲಿ ಬಾಡಿಗಿಗೆ ಸಿಗತೈತಿ ಅನ್ನೂದನ್ನ ಆಕಿ ಹೇಳಲಿಲ್ಲ, ನಾ ಕೇಳಲಿಲ್ಲ.

ನಮಗ ಸಿಕ್ಕದ್ದು ಬೆಳಗಾವಿ ಟಿಳಕವಾಡ್ಯಾಗ ಉಳವಪ್ಪ ಮಾಲಕರ ಮನಿ ಟೆರೇಸ್ ಮ್ಯಾಲಿನ ಖೋಲಿ. ಇಟ್ಟಂಗಿ ಗ್ವಾಡಿ, ಮ್ಯಾಲ ತಗಡ. ಮೊದಲ ಅದರಾಗ ಮುರಕ ಸಾಮಾನ ಒಗೀತಿದ್ರಂತ. ಸಾಮಾನ ತಗದು ನಮ್ಮನ್ನ ಇಟ್ರು. ಮನ್ಯಾಗ ಹಾದು ಮ್ಯಾಲ ಹೋಗಂಗಿಲ್ಲ, ಹೊರಗಿನ ಕಬ್ಬಿಣ ಪಾವಟಗಿ ಹತ್ತಬೇಕು. ಬಿಸಲಾಗ ಆ ಕಂಬಿ ಹಿಡದ್ರ ಅಂಗೈ ಚುರ್ ಅಂತಿತ್ತು.

ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಕೆಳಗ ಕುಂತ ನೋಡ್ರಿ, ನಾ ಹೇಳೂದ ಬ್ಯಾಡ. ಕೊಡದಾಗಿನ ನೀರ ಕಾದಿರತಿತ್ತು. ನಾ ಮಂಗಲ ಕಾರ್ಯಾಲಯದಾಗ ಭಾಂಡಿ ತಿಕ್ಕಾಕ ಹೋಗತೇನಿ. ಒಂದ ಲಗ್ನ ಅಂದ್ರ ನಾನ ಕುಂಡರೂವಂಥಾ ದೊಡ್ಡ ದೊಡ್ಡ ಪಾತೇಲಿ. ಅವನ್ನ ತಿಕ್ಕಿ, ಸೊಂಟ ಹಿಡಕೊಂಡ ಮನಿಗೆ ಬಂದ್ರ ರಾಯಪ್ಪ ನೆಲದ ಮ್ಯಾಲ ಬಿದ್ದಿರತಿದ್ದ. ಮಾರಿ ಕೆಂಪ, ನಾಲಿಗಿ ಒಣಗಿ, ಮಾತ ತೊದಲು. ಬೆನ್ನ ಮ್ಯಾಲ ಹಾಕಿಹೋದ ಹಸಿ ಟವೆಲ್ಲು ಒಣಗಿ ಹಪ್ಪಳ ಆಗಿರತಿತ್ತು. ದಿನಾ ಪಾವಟಗಿ ಹತ್ತೂಮುಂದ ಅದ ಹೆದರಿಕಿ. ಇವತ್ತ ಇದ್ದಾನೋ, ಇಲ್ಲೋ ಅಂತ.

ಫ್ಯಾನ್ ಇತ್ತರಿ. ಇಲ್ಲ ಅನ್ನೂದಿಲ್ಲ. ಆದ್ರ ನಮ್ಮ ಖೋಲಿ ಕರೆಂಟಿನ ಸ್ವಿಚ್ ಕೆಳಗ ಮಾಲಕರ ಪಡಸಾಲ್ಯಾಗ, ಬಸವಣ್ಣನ ಫೋಟೋದ ಬಾಜೂಕ. ಉಳವಪ್ಪ ಬೆಳಗಿನ ಪೂಜಿ ಮುಗಿಸಿ, ಇಬತ್ತಿ ಹಚ್ಚಿಕೊಂಡು, ಅದ ಕೈಲೆ ನಮ್ಮ ಸ್ವಿಚ್ ಬಂದ್ ಮಾಡತಿದ್ರು. ನಾ ಹೋಗಿ ಬಾಗಲದಾಗ ನಿಂತು ಕೇಳಿದ್ನಿ.

"ಮಾಲಕ್ರ, ಹಗಲ ಅಷ್ಟ ಕರೆಂಟ್ ಬಿಡ್ರಿ. ಅವನ ಮೈ ಕಾವ ತಡಿಯೂದಿಲ್ಲ."

"ಹಗಲ ಫ್ಯಾನ್ ಹಚ್ಚಿಕೊಂಡ ಮಲಗಾಕ ಅಂವ ಏನ ಡೀಸಿ ಸಾಹೇಬ ಏನ್ ಬೇ? ಮೀಟರ್ ನನ್ನ ಹೆಸರಿಗೆ ಐತಿ."

ನಾ ರಾಯಪ್ಪನ್ನ ಕೆಳಗ ಕರಕೊಂಡ ಬಂದು, ಅಂಗಿ ತಗಸಿ, ಬೆನ್ನ ತೋರಿಸಿದ್ನಿ. ಉಳವಪ್ಪ ಮಾರಿ ಆ ಕಡೆ ತಿರುವಿದ್ರು. "ಊಟದ ಹೊತ್ತಿನ್ಯಾಗ ಇಂಥಾವೆಲ್ಲಾ ತೋರಸಬ್ಯಾಡ, ನಡಿ" ಅಂದ್ರು. ರಾಯಪ್ಪ ತಿರುಗಿ ಅಂಗಿ ಹಾಕ್ಕೊಳ್ಳಾಕ ಹ್ವಾದ. ತೋಳು ಮ್ಯಾಲ ಏಳವಲ್ದು. ಅಂಗಿ ಅರ್ಧಕ್ಕ ಸಿಕ್ಕೊಂಡ, ಅವರ ಬಾಗಲದಾಗ ಹಂಗ ನಿಂತಿದ್ದ. ಅವತ್ತ ನನಗ ಬಂದ ಸಿಟ್ಟು ಇನ್ನಾ ಹೋಗಿಲ್ಲ. ಹೋಗೂದು ಬ್ಯಾಡ.

ನನ್ನ ತವರ ಖಾನಾಪುರದ ಹಂತ್ಯಾಕ. ತಮ್ಮ ಬೀರೇಶ ಇನ್ನಾ ಕುರಿ ಇಟ್ಟಾನ. ನಾ ಹೋದಾಗ ಕುರಿ ಮೈ ಉಣ್ಣಿ ಕತ್ತರಸಿ, ಆ ತುಪ್ಪಟ ಎಲ್ಲಾ ಬೇಲಿಗೆ ಒಗದಿದ್ರು. ನಮ್ಮಪ್ಪನ ಕಾಲಕ್ಕ ಒಂದ ಎಳಿ ನೆಲಕ್ಕ ಬಿದ್ರೂ ಆರಿಸಿ ಇಡತಿದ್ರು, ಕಂಬಳಿಗೆ ಬೇಕಾಗತಿತ್ತು. ಈಗ ಕರೀ ಕಂಬಳಿ ಯಾರಿಗೂ ಬ್ಯಾಡ. ಚುಚ್ಚತೈತಿ ಅಂತಾರ. ಆ ಒಟ್ಟಿದ ತುಪ್ಪಟ ನೋಡಿದ ಕೂಡಲೇ ನನಗ ನಮ್ಮ ಹಳೇ ಗುಡಾರ ನೆನಪಾತು. ಅಡವ್ಯಾಗ ಕುರಿ ಹಿಂದ ತಿರಗೂಮುಂದ ಮ್ಯಾಲ ಕಂಬಳಿ ಕಟ್ಟಿ, ಕೆಳಗ ನಮ್ಮನ್ನ ಮಲಗಿಸತಿದ್ರು. ಹೊರಗ ಬೆಂಕಿ ಬಿಸಲ, ಒಳಗ ತಂಪ. ಕಂಬಳಿ ಬರೇ ಥಂಡಿಗೆ ಅಂತ ಪ್ಯಾಟಿ ಮಂದಿ ತಿಳಕೊಂಡಾರ. ಅದು ಬಿಸಲನ್ನೂ ತಡೀತೈತಿ.

"ತಮ್ಮಾ, ಇದನ್ನ ಒಯ್ಲೇನು?"

"ಒಯ್ ಅಕ್ಕಾ. ಸುಟ್ರೂ ವಾಸನಿ, ಇಟ್ರೂ ವಾಸನಿ. ಏನ ಮಾಡತಿ ಇದನ್ನ?"

"ನಿಮ್ಮ ಮಾವಗ ಗುಡಾರ ಮಾಡತೇನಿ."

ಬೀರೇಶ ನಕ್ಕ. ಆಮ್ಯಾಲ ನನ್ನ ಮಾರಿ ನೋಡಿ, ನಗೂದ ಬಿಟ್ಟು ಚೀಲ ತುಂಬಾಕ ಹತ್ತಿದ.

ಬೆಳಗಾವಿ ಬಸ್ಸಿನ್ಯಾಗ ನನ್ನ ಚೀಲ ನೋಡಿ ಮಂದಿ ಮೂಗ ಮುಚ್ಚಿಕೊಂಡ್ರು. ಒಬ್ಬಾಕಿ ಎದ್ದು ಹಿಂದ ಹೋಗಿ ಕುಂತ್ಲು. ಹೋಗವ್ವ ಹೋಗ ಅಂದ್ನಿ. ಕುರಿ ವಾಸನಿ ಆಗದವರು ಐತವಾರ ಮಟನ್ ಅಂಗಡಿ ಮುಂದ ಪಾಳಿ ಹಚ್ಚಿರತಾರ.

ಇಲ್ಲಿ ನಾ ಒಂದ ಹುಚ್ಚ ಕೆಲಸ ಮಾಡಿದ್ನಿ. ನಮ್ಮ ಮಂದಿ ಕಂಬಳಿ ನೂಲಿಗೆ ಹುಣಸಿ ಬೀಜದ ಗಂಜಿ ಹಚ್ಚತಾರ. ಗಂಜಿ ಕುಡದ್ರ ನೂಲ ಬಿಗೀತೈತಿ. ನಾನೂ ಕೈ ರೂಢಿ ಪ್ರಕಾರ ಹುಣಸಿ ಬೀಜ ಹುರದು, ಬೀಸಿ, ಕುದಿಸಿ, ಆ ಗಂಜ್ಯಾಗ ತುಪ್ಪಟ ಮೆತ್ತಿ ಗೋಣಿ ತಟ್ಟಿಗೆ ಹಚ್ಚಿದ್ನಿ. ತಗಡಿನ ಕೆಳಗಿನ ಕಟಗಿಗೆ ಮೊಳಿ ಹೊಡದ್ನಿ. ಆ ಬ್ಯಾಸಗಿ ಕಡೀ ದಿನಗಳು ಚಲೋನ ಹ್ವಾದ್ವು. ಆಮ್ಯಾಲ ಮಳಿ ಹತ್ತಿತು. ಬೆಳಗಾವಿ ಮಳಿ ನಿಮಗೇನ ಹೇಳೂದು, ಹತ್ತಿತು ಅಂದ್ರ ಬಿಡೂದ ಗೊತ್ತಿಲ್ಲ ಅದಕ್ಕ. ಗಂಜಿ ಹಸಿ ಹಿಡದು ಹಳಸಿತು. ಬೂಸ್ಟ ಬಂತು. ಹುಳಾ ಆದ್ವು. ಹುಳಾ ಮ್ಯಾಲಿಂದ ರಾಯಪ್ಪನ ಬೆನ್ನ ಮ್ಯಾಲ ಉದರತಿದ್ವು, ಕೆರಕೊಳ್ಳಾಕ ಅವನ ಕೈ ಹಿಂದ ಹೋಗವಲ್ವು. ಹೊಲದಾಗಿನ ಗಾಳ್ಯಾಗ ನಡೀತಿದ್ದದ್ದು ಕಿಡಕಿ ಇಲ್ಲದ ಖೋಲ್ಯಾಗ ನಡಿಯೂದಿಲ್ಲ ಅನ್ನೂದು ನನಗ ಹೊಳದಿರಲಿಲ್ಲ.

ವಾಸನಿ ಕೆಳಗ ಇಳೀತು. ಮಾಲಕರ ಹೆಂಡತಿ ಅಕ್ಕವ್ವಾರು ಊದಿನಕಡ್ಡಿ ಹಿಡಕೊಂಡ ಮ್ಯಾಲ ಬಂದ್ರು, ಸೆರಗ ಮೂಗಿಗೆ. ಹಿಂದ ಬಂದ ಉಳವಪ್ಪ ಅಂದ್ರು.

"ನಿಮ್ಮ ಮಂದಿ ಎಲ್ಲಿ ಹ್ವಾದ್ರೂ ಹಟ್ಟಿ ಮಾಡತೀರಿ. ಇದು ಹಟ್ಟಿ ಅಲ್ಲ, ಮನಿ. ಈಗಿಂದೀಗ ಕಿತ್ತ ಒಗಿ."

ಅವರು ಬಾಗಲದಾಗ ನಿಂತ್ರು. ನಾ ಸ್ಟೂಲ್ ಮ್ಯಾಲ ನಿಂತು ಕಿತ್ತಿದ್ನಿ. ಹುಳಾ ನನ್ನ ತಲಿ ಮ್ಯಾಲ, ಕುಬಸದಾಗ. ಕೆಳಗ ನಿಂತ ಅಕ್ಕವ್ವಾರು ಶಿವಶಿವಾ ಅನ್ನಾಕತ್ತಿದ್ರು. ನಾ ಕಿತ್ತಕೋತ ಹ್ವಾದ್ನಿ. ತಪ್ಪ ನಂದ ಇತ್ತಲ್ಲ.

ಆದ್ರ ಒಗೀಲಿಲ್ಲ. ಚೀಲದಾಗ ತುಂಬಿ, ಮಳಿ ಹಿಂದ ಸರಿಯೂ ತನಕ ಕಾಯ್ದು, ಮತ್ತ ಖಾನಾಪುರಕ್ಕ ಒಯ್ದ್ನಿ. ಮಲಪ್ರಭಾ ನದ್ಯಾಗ ಮೊಣಕಾಲ ಮಟಾ ನಿಂತು, ತುಳದು ತುಳದು ತೊಳದ್ನಿ. ಗಂಜಿ ಬಿಡವಲ್ದು. ಕಲ್ಲಿಗೆ ಬಡದ್ನಿ, ಸೀಗಿಕಾಯಿ ಹಾಕಿದ್ನಿ. ಕಾಲ ಸೆಟದು ನಿಂದ್ರಾಕ ಬರದಂಗ ಆತು. ಬೀರೇಶನ ಹೇಣ್ತಿ ತ್ರಿವೇಣಿ ಕೂಸನ್ನ ದಂಡಿ ಮ್ಯಾಲ ಕುಂಡರಿಸಿ ತಾನೂ ನೀರಿಗೆ ಇಳದ್ಲು. "ಕಂಬಳಿ ಮಾಡಬ್ಯಾಡ್ರಿ ಅಕ್ಕಾ, ಕೌದಿ ಮಾಡೂಣು. ಕೌದಿಗೆ ಗಂಜಿ ಯಾಕ ಬೇಕು?" ಅಂದ್ಲು. ಆ ಹುಡಿಗಿ ಬಾಯಿಗೆ ಸಕ್ಕರಿ ಹಾಕಬೇಕು. ಇಬ್ಬರೂ ಕುಂತು ಹಳೇ ಸೀರಿ ಎರಡ ಪದರ ಮಾಡಿ, ನಡಕ ಹಿಂಜಿದ ತುಪ್ಪಟ, ಹುಳಾ ಹತ್ತದಂಗ ಒಣಗಿದ ಬೇವಿನ ಎಲಿ ತುಂಬಿ ನಾಕ ಕೌದಿ ಹೊಲದ್ವಿ. ಸೂಜಿ ಚುಚ್ಚಿ ಕೈಬೆರಳ ತೂತ ಬಿದ್ದಿದ್ವು.

ತಗಡಿಗೂ ಕೌದಿಗೂ ನಡಕ ಗೇಣ ಜಾಗಾ ಬಿಟ್ಟು ಕಟ್ಟಿದ್ನಿ, ಗಾಳಿ ಆಡಲಿ ಅಂತ. ತಗಡಿನ ಮ್ಯಾಲ ಹತ್ತಿ ಸುಣ್ಣ ಹಚ್ಚಿದ್ನಿ. ಸುಣ್ಣ ಅಂಗೈ ತಿಂತು, ಭಾಂಡಿ ತಿಕ್ಕೂ ಬೂದಿ ಹತ್ತಿದ್ರ ಕಣ್ಣಾಗ ನೀರ ಬರತಿತ್ತು. ಬರಲಿ. ಚಳಿಗಾಲಕ್ಕ ಖೋಲಿ ಬೆಚ್ಚಗ ಇತ್ತು. ಬ್ಯಾಸಗಿ ಬಂತು. ಒಂದಿನ ಮಧ್ಯಾಹ್ನ ಪಾವಟಗಿ ಹತ್ತಿ ಬಂದು ನೋಡಿದ್ರ ರಾಯಪ್ಪ ಗ್ವಾಡಿಗೆ ಆನಿಕೊಂಡು ಬಳ್ಳೊಳ್ಳಿ ಸುಲ್ಯಾಕತ್ತಿದ್ದ. ಮಾತ ನೆಟ್ಟಗಿದ್ವು. "ಯಾಕ ಭೀಮಿ, ಹಂಗ ನಿಂತಿ?" ಅಂದ. ನಾ ಮಾರಿ ತೊಳಕೊಳ್ಳೂ ನೆವ ಮಾಡಿ ಅತ್ತ್ನಿ. ಖುಷಿಗೆ ಅತ್ತ್ನಿ, ಸುಳ್ಳ ಯಾಕ ಹೇಳ್ಲಿ.

ರಾತ್ರಿ ಕರೆಂಟ್ ಬಿಟ್ಟಾಗೂ ಫ್ಯಾನ್ ಬೇಕಾಗವಲ್ತು. ಉಳವಪ್ಪ ಒಂದಿನ ಕೆಳಗ ನಿಂತ ಕೇಳಿದ್ರು. "ಏನ್ ಬೇ, ಫ್ಯಾನ್ ಕೆಟ್ಟೈತೇನು? ಮೀಟರ್ ನಿಂತಂಗ ಆಗೈತಲ್ಲ."

"ಕೆಟ್ಟಿಲ್ರಿ. ಖೋಲಿ ತಂಪ ಆಗೈತ್ರಿ."

"ಹೂಂ, ಚಲೋ ಆತು" ಅಂದ್ರು. ಅವರ ಬಾಯಾಗ ಚಲೋ ಅನ್ನೂ ಮಾತ ನಾ ಅವತ್ತ ಮೊದಲ ಕೇಳಿದ್ದು.

ಅಕ್ಕವ್ವಾರು ಸಂಡಿಗಿ ಹಾಕಾಕ ಟೆರೇಸಿಗೆ ಬಂದ್ರು. ಬಿಸಲಿಗೆ ತಲಿ ತಿರಗಿತಂತ, ನಮ್ಮ ಖೋಲಿ ಒಳಗ ಬಂದು ಕುಂತ್ರು. ಮ್ಯಾಲ ನೋಡಿದ್ರು.

"ಇದು ಅದನ ಏನ್ ಬೇ, ಅವತ್ತ ನಾರತಿತ್ತಲ್ಲ?"

"ಅದನ್ರಿ ಅವ್ವಾರ. ತೊಳದೇನ್ರಿ."

ಮಾತಾಡಕೋತ ಮಾತಾಡಕೋತ ಗ್ವಾಡಿಗೆ ಒರಗಿದ್ರು. ನಿದ್ದಿ ಹತ್ತಿತು. ಗೊರಕಿ ಹೊಡದ್ರು. ಎಚ್ಚರ ಆದ ಮ್ಯಾಲ ನಾ ತಂಬಗಿ ತುಂಬಿ ನೀರ ಕೊಟ್ನಿ. "ಬ್ಯಾಡ, ಕೆಳಗ ಹೋಗಿ ಕುಡೀತೀನಿ" ಅಂದ್ರು. ನಮ್ಮ ನೆರಳ ಬೇಕು, ನಮ್ಮ ನೀರ ಬ್ಯಾಡ.

ಆಮ್ಯಾಲ ದಿನಾ ಬರಾಕ ಹತ್ತಿದ್ರು. ನಾ ಕೆಲಸಕ್ಕ ಹೋಗಿರತಿದ್ನಿ, ನನಗ ಗೊತ್ತಿಲ್ಲ. ಒಂದಿನ ಲಗ್ನ ಲಗೂ ಮುಗೀತು. ಬಂದು ನೋಡತೇನಿ, ರಾಯಪ್ಪ ಹೊರಗ ನೀರಿನ ಟಾಕಿ ಬಾಜೂಕ, ಅಂಗೈಯಷ್ಟ ನೆರಳಿನ್ಯಾಗ ಮುದುಡಿಕೊಂಡ ಕುಂತಾನ. ಬೆನ್ನ ಕಾದ ಹಂಚ ಆಗಿತ್ತು. ಕಣ್ಣ ತೇಲಗಣ್ಣ.

"ಹೊರಗ ಯಾಕ ಕುಂತಿ?"

"ಒಳಗ... ಅವ್ವಾರು... ಮಲಗ್ಯಾರ" ಅಂದ. ನಾಲಿಗಿ ಮತ್ತ ತೊದಲಾಕತ್ತಿತ್ತು. "ಹೆಣಮಗಳು ಮಲಗಿದಲ್ಲಿ... ಗಂಡಸ ಹ್ಯಾಂಗ ಕುಂಡರೂದು?"

ನನ್ನ ಚಾಪಿ ಮ್ಯಾಲ, ನನ್ನ ಕೌದಿ ಕೆಳಗ ಆಕಿ ತಣ್ಣಗ ಮಲಗಿದ್ಲು. ಹೌದು, ಆಕಿ ಅಂತನ ಅಂತೇನಿ. ನಾ ಬಾಗಲ ಬಡದು ಎಬ್ಬಿಸಿದ್ನಿ. "ಏಳ್ರಿ. ಇಲ್ಲೆ ಇರೂ ಮನಷಾ ಹೊರಗ ಸಾಯಾಕತ್ತಾನ" ಅಂದ್ನಿ. ಅಕ್ಕವ್ವಾರು ಸೀರಿ ಸರಿ ಮಾಡಿಕೊಂತ ಎದ್ದ್ರು. "ನಾ ಏನ ಹೊರಗ ಹೋಗಂದೆ ಏನು? ತಾನ ಎದ್ದ ಹ್ವಾದ" ಅಂದ್ರು. ಖರೇ ಐತಿ. ಹೋಗ ಅಂತ ಅವರು ಬಾಯಿಲೆ ಹೇಳೂ ಪ್ರಸಂಗ ಎಂದೂ ಬಂದಿರಲಿಲ್ಲ, ನಾವ ಎದ್ದ ಹೋಗತಿದ್ವಿ.

ಮರದಿನ ಉಳವಪ್ಪ ಮ್ಯಾಲ ಬಂದ್ರು. ಖೋಲ್ಯಾಗ ನಿಂತು, ಕೈ ಎತ್ತಿ ಕೌದಿ ಮುಟ್ಟಿ ನೋಡಿದ್ರು.

"ನೋಡ್ ಬೇ ಭೀಮಿ. ನಮ್ಮ ಮೊಮ್ಮಗಳು ಸಾಕ್ಷಿ ದೊಡ್ಡ ಪರೀಕ್ಷಾಕ್ಕ ಕುಂಡರತಾಳ. ಓದಾಕ ತಂಪ ಜಾಗಾ ಬೇಕು. ಕೆಳಗ ಏಸಿ ಹಚ್ಚಿದ್ರ ಬಿಲ್ಲ ಮೈ ಮ್ಯಾಲ ಬರತೈತಿ. ಈ ತಿಂಗಳ ಮುಗಿಸಿ ನೀವು ಬ್ಯಾರೆ ಕಡೆ ನೋಡಕೋರಿ."

ರಾಯಪ್ಪ ತಲಿ ಬಗ್ಗಿಸಿದ್ದ. ನಾ ಕೇಳಿದ್ನಿ. "ಈ ಬಿಸಲಾಗ ಎಲ್ಲಿ ಹೋಗೂಣ್ರಿ?"

"ಖೋಲಿಗೇನ ಬರ ಐತಿ ಊರಾಗ? ಮತ್ತ ಕೇಳ್, ಹೋಗೂಮುಂದ ಛತ್ತಿಗೆ ಕೈ ಹಚ್ಚಬ್ಯಾಡ್ರಿ. ಅದು ಇದ್ದಂಗ ಇರಲಿ."

ನನಗ ಮೊದಲ ತಿಳೀಲೇ ಇಲ್ಲ. "ಯಾವುದರಿ?"

"ಇದ, ಕೌದಿ. ಮೊಳಿ ಹೊಡದದ್ದು ನನ್ನ ಮನಿಗೆ. ಮನಿಗೆ ಹತ್ತಿದ್ದು ಮನೀದು."

ಊರಾಗ ನಮಗ ಸಿಗೂ ಖೋಲಿ ಎಲ್ಲಾ ತಗಡಿನವು. ಟಿಳಕವಾಡಿ ಇರಲಿ, ಬ್ಯಾರೆ ಎಲ್ಲೆ ಇರಲಿ, ನಮ್ಮ ಕೈಗೆ ಎಟಕೂದು ತಗಡ. ಕೌದಿ ಇದ್ರ ರಾಯಪ್ಪ ಇದ್ದಾನ. ಕೌದಿ ಇಲ್ಲಾಂದ್ರ ಅವನಿಲ್ಲ. ಇಷ್ಟ ಲೆಕ್ಕ.

"ಇಲ್ರಿ" ಅಂದ್ನಿ.

"ಏನಂದಿ?"

"ಬಿಟ್ಟ ಹೋಗೂದಿಲ್ಲ ಅಂದ್ನಿ. ನೀವು ಕೊಟ್ಟದ್ದು ತಗಡ. ತಗಡ ಬಿಟ್ಟ ಹೋಗತೇವಿ. ನಮ್ಮದು ನಾವು ಒಯ್ತೇವಿ."

"ಹೆಚ್ಚಿಗಿ ಮಾತ ಬ್ಯಾಡ. ಕಿತ್ತರ ಪೊಲೀಸರಿಗೆ ಫೋನ್ ಹಚ್ಚತೇನಿ. ನನ್ನ ಮನಿ ಹಾಳ ಮಾಡ್ಯಾರ ಅಂತ ಹೇಳತೇನಿ."

"ಹಚ್ಚ್ರಿ. ಹಳಸಿದಾಗ ಇದು ಹಟ್ಟಿ ಆಗಿತ್ತು, ತಂಪ ಆದ ಮ್ಯಾಲ ಮನಿ ಆತೇನ್ರಿ? ಪೊಲೀಸರೂ ಬರಲಿ, ಅವರ ಮುಂದ ಇದನ್ನ ಹೇಳತೇನಿ. ಬೆನ್ನೂ ತೋರಸತೇನಿ. ಅವರು ಊಟಾ ಮಾಡಿ ಬಂದಿರತಾರ."

ಉಳವಪ್ಪನ ಮಾರಿ ಕಪ್ಪಿಟ್ಟಿತು. ಇಷ್ಟ ದಿನ ರೀ ರೀ ಅಂದ ಬಾಯಿ ಹಿಂಗೂ ಮಾತಾಡತೈತಿ ಅಂತ ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. "ಹಂಗಾರ ತಿಂಗಳ ಯಾಕ, ನಾಳೆನ ಖಾಲಿ ಮಾಡ್ರಿ" ಅಂದ್ರು.

ಮೊಳಿ ಕೀಳಾಕ ಮೊದಲ ಕೈ ಹಾಕಿದಾವ ರಾಯಪ್ಪ. ತೋಳು ಹೆಗಲಿನ ಮ್ಯಾಲ ಏಳೂದಿಲ್ಲ ಅವಗ. ಸ್ಟೂಲ್ ಮ್ಯಾಲ ನಿಂತು, ಹಲ್ಲ ಕಚ್ಚಿ, ಇಕ್ಕಳ ಹಿಡದ. "ನೀ ಇಳಿ, ನಾ ಕೀಳತೇನಿ" ಅಂದ್ನಿ. "ಸುಮ್ಮನಿರ. ಒಂದಾದ್ರೂ ನಾ ಕೀಳತೇನಿ" ಅಂದ. ಒಂದ ಕಿತ್ತ. ಉಳದದ್ದು ನಾ ಕಿತ್ತ್ನಿ. ಕೌದಿ ಸರದಂಗ ಸರದಂಗ ತಗಡಿನ ಕಾವು ನೆತ್ತಿ ಮ್ಯಾಲ ಇಳೀತು. ನಾವು ಮೊದಲ ದಿನ ಬಂದಾಗ ಹ್ಯಾಂಗಿತ್ತೋ, ಖೋಲಿ ಹಂಗ ಆತು. ಬಾಗಲದಾಗ ನಿಂತಿದ್ದ ಉಳವಪ್ಪ ಹಣಿ ಬೆವರ ಒರಸಿಕೊಂಡ್ರು. ರಾಯಪ್ಪ ಅದನ್ನ ನೋಡಿದ.

"ನಿಮಗ ಬೆವರ ಬರತೈತ್ರಿ ಮಾಲಕ್ರ" ಅಂದ. ಸಿಟ್ಟಿಲೆ ಅನ್ನಲಿಲ್ಲ. ಉಳವಪ್ಪ ಇಳದ ಹ್ವಾದ್ರು. ಪೊಲೀಸರು ಯಾರೂ ಬರಲಿಲ್ಲ.

ಸಂಜಯ ಅಂತ ಟೆಂಪೋದಾವ. ಕಾರ್ಯಾಲಯಕ್ಕ ಸಾಮಾನ ತರೂ ಹುಡುಗ, ನನ್ನ ಪರಿಚಯದಾವ. ಕೌದಿ, ಭಾಂಡಿ, ಗಂಡ, ಎಲ್ಲಾ ಅವನ ಟೆಂಪೋಕ್ಕ ಹಾಕಿದ್ನಿ. ಮಿಲಿಟರಿ ಕ್ಯಾಂಪಿನ ರಸ್ತೆಕ್ಕ ದೊಡ್ಡ ಗಿಡಗಳದಾವ. ಒಂದರ ನೆರಳಾಗ ಗಾಡಿ ನಿಲ್ಲಿಸಿ, ರಾಯಪ್ಪನ್ನ ಕೌದಿ ಮ್ಯಾಲ ಕುಂಡರಿಸಿ, ನಾ ಹಿಂದಿನ ಗಲ್ಲ್ಯಾಗ ಮನಿ ಕೇಳಾಕ ಹ್ವಾದ್ನಿ. ಎಲ್ಲಾ ಕಡೆ ಒಂದ ಮಾತ ಮೊದಲ ಹೇಳಿದ್ನಿ. "ತಗಡಿನ ಕೆಳಗ ನಾ ಕೌದಿ ಕಟ್ಟತೇನಿ. ಅದು ನಂದು. ನೀವು ಬಿಡ ಅಂದ ದಿನ ಬಿಚ್ಚಿಕೊಂಡ ಒಯ್ತೇನಿ. ಇದಕ್ಕ ಹೂಂ ಅನ್ರಿ, ಆಮ್ಯಾಲ ಬಾಡಿಗಿ ಮಾತು."

ಒಬ್ಬಾಕಿ ನಕ್ಲು. ಒಬ್ಬಾಂವ ಕುರಿ ಗಿರಿ ಇಲ್ಲಿ ನಡಿಯೂದಿಲ್ಲ ಅಂದ. ಇನ್ನೊಬ್ಬರು ಮರಾಠ್ಯಾಗ, ಅಟಿ ಘಾಲಣಾರೆ ಭಾಡೇಕರೂ ಆಮ್ಹಾಲಾ ನಕೋ, ಷರತ್ತ ಹಾಕೂ ಬಾಡಿಗಿ ಮಂದಿ ನಮಗ ಬ್ಯಾಡ ಅಂದು ಬಾಗಲ ಹಾಕಿದ್ರು. ಸಂಜಯ ಬೀಡಿ ಆರಿಸಿ, "ಮಾವಶಿ, ಮೊದಲ ಒಳಗ ಹೊಕ್ಕಬಿಡ್ರಿ. ಕೌದಿ ಮಾತ ಆಮ್ಯಾಲ ನೋಡೂಣಂತ. ಹಿಂಗಾದ್ರ ಮನಿ ಸಿಗೂದಿಲ್ಲ" ಅಂದ. ಅವಗೂ ಮುಂದಿನ ಬಾಡಿಗಿ ಹಿಡಿಯೂದಿತ್ತು.

ಹೊತ್ತ ನೆತ್ತಿಗೆ ಬಂತು. ಗಿಡದ ನೆರಳ ಗಾಡಿ ಬಿಟ್ಟ ಸರೀತು. ರಾಯಪ್ಪನ ಮಾರಿ ಕೆಂಪಗ ಆಗಿತ್ತು.

"ಒಪ್ಪಕೋ ಭೀಮಿ" ಅಂದ. "ಕೌದಿ... ಮನಿ ಕೊಟ್ಟವರ ಹೆಸರಿಗೆ ಇರಲಿ ಅನ್ನು. ನನ್ನಿಂದ ಆಗವಲ್ತು."

ಅಂವ ಎಂದೂ ಹಂಗ ಬೇಡಿದಾವಲ್ಲ. ಬೆನ್ನ ಸುಟ್ಟಾಗೂ ಬೇಡಲಿಲ್ಲ. ಹೂಂ ಅಂದಬಿಡೂಣು ಅನಿಸಿತು, ಖರೇನ ಅನಿಸಿತು.

"ಇವತ್ತ ಹೂಂ ಅಂದ್ರ ಅವರು ಬೇಕಾದಾಗ ನಿನ್ನನ್ನ ಬಿಸಲಿಗೆ ಹಾಕತಾರ" ಅಂದ್ನಿ. "ಅಂಗಲಾಚಿ ಇಸಕೊಂಡ ನೆರಳಿನ್ಯಾಗ ನಿನ್ನನ್ನ ನಾ ಮಲಗಸೂದಿಲ್ಲ. ತುಸು ತಡಕೋ."

ಬಾಟಲಿ ನೀರ ಪೂರಾ ಅವನ ಬೆನ್ನಿಗೆ ಸುರುವಿದ್ನಿ. ಒಂದ ಕೌದಿ ಎತ್ತಿ ಟೆಂಪೋದ ಎರಡೂ ಕಡೆ ಕಂಬಿಗೆ ಕಟ್ಟಿ ಅವನ ತಲಿ ಮ್ಯಾಲ ನೆರಳ ಮಾಡಿದ್ನಿ. ಸಂಜಯ ನೋಡಿದ, ಗಾಡಿ ಕೀಲಿ ತಗದ ಕಿಸೇದಾಗ ಇಟ್ಟಕೊಂಡ. ನಾ ಮುಂದಿನ ಮನಿ ಬಾಗಲ ಬಡದ್ನಿ. ಒಬ್ಬರು ಮುದುಕರು ತಗದ್ರು. ನನ್ನ ನೋಡಿದ್ರು, ರಸ್ತೇದಾಗಿನ ಟೆಂಪೋ ನೋಡಿದ್ರು.

"ಎಷ್ಟ ಮಂದಿ ಇದ್ದೀರವ್ವ?"

"ಇಬ್ಬರ್ರಿ" ಅಂದ್ನಿ. "ಆದ್ರ ಮೊದಲ ನನ್ನ ಒಂದ ಮಾತ ಕೇಳ್ರಿ."